ಗಂಟೆಯಕ್ಕನ ಹೊಸ ಗಂಟಲು

ನಮ್ಮ ಅಕ್ಕನ ಬಾಯಿ ಅಂದರೆ ಬಾಯಿ! ಮೈದಾನದ ಈ ತುದಿಯಲ್ಲಿ ಅವಳು ಮೈಕು ಹಿಡಿದರೆ ಆ ತುದಿಯ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು ಸೌಟು ಹಿಡಿದುಕೊಂಡೇ ತಾರಸಿ ಹತ್ತುತ್ತಿದ್ದರು. ಇಪ್ಪತ್ತು ವರ್ಷದಿಂದ ನಮ್ಮ ಫುಟ್ಬಾಲ್ ಪಂದ್ಯಗಳಿಗೆಲ್ಲ ಅವಳದೇ ದನಿ. ಅದಕ್ಕೇ ಊರಿಗೆಲ್ಲ ಅವಳು ಗಂಟೆಯಕ್ಕ. ವಾರವೆಲ್ಲ ಹೊಲಿಗೆ ಅಂಗಡಿಯ ಕೆಲಸ. ಆಟಗಾರರ ಜೆರ್ಸಿಗೆ ನಂಬರು ಹೊಲಿಯುವವಳೂ ಅವಳೇ ಆದ್ದರಿಂದ, ಮುಖ ಕಾಣದಿದ್ದರೂ ಬೆನ್ನು ಕಂಡರೆ ಸಾಕು, ಆ ಹುಡುಗನ ಹಣೆಬರಹವನ್ನೇ ಹೇಳಿಬಿಡುತ್ತಿದ್ದಳು. "ಏಳು ಓಡ್ತಿದಾನೆ ನೋಡ್ರಪ್ಪೋ, ಹಿಂದೆ ನಾಯಿ ಬಿದ್ದೋರ ಥರ!" ಎಂದರೆ ಆ ಏಳನೆಯವನೂ ನಗುತ್ತಲೇ ಓಡಬೇಕು.

ಅಂಥವಳ ಗಂಟಲಿಗೆ ಗಡ್ಡೆ ಬಂತು. ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರ ಹಿಂದೆಯೇ ದನಿಯೂ ಹೋಯಿತು. ಉಳಿದದ್ದು ಪಂಕ್ಚರಾದ ಟ್ಯೂಬಿನಂಥ ಬರೀ ಗಾಳಿಯ ಸದ್ದು.

ಮೈದಾನದ ಸೆಕ್ರೆಟರಿ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. "ಅಕ್ಕಾವ್ರೇ, ನೀವು ಆರಾಮಾಗಿರಿ. ಭಾನುವಾರದ ಫೈನಲ್‌ಗೆ ಸೋಡಾ ಅಂಗಡಿಯವನನ್ನ ಕೂರಿಸ್ತೀವಿ."

ನನ್ನದು ವೆಲ್ಡಿಂಗ್ ಕೆಲಸ. ಕಬ್ಬಿಣಕ್ಕಿಂತ ಮೊದಲು ನನ್ನ ತಲೆ ಕಾಯುತ್ತದೆ. "ಇಪ್ಪತ್ತು ವರ್ಷ ಕೂಗಿದೋಳಿಗೆ ಆರಾಮು ಅಂದ್ರೆ ಏನ್ರೀ? ಬಾಯಿ ಮುಚ್ಕೊಂಡು ಮೂಲೇಲಿ ಕೂರೋದಾ? ಆ ಸೋಡಾದವನಿಗೆ ಎಡಗಾಲು ಯಾವ್ದು ಬಲಗಾಲು ಯಾವ್ದು ಗೊತ್ತಾ?" ಎಂದು ಎದ್ದೇಬಿಟ್ಟೆ. ಅಕ್ಕ ನನ್ನ ಅಂಗಿ ಹಿಡಿದು ಎಳೆದು ಕೂರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಆಸ್ಪತ್ರೆಯಲ್ಲೂ ಬಂದಿರದ ನೀರು.

ಅದನ್ನು ನೋಡಿದವಳು ಅಕ್ಕನ ಮಗಳು. ಅಂಗಡಿಗಳವರ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. "ಶನಿವಾರ ಪ್ರಾಕ್ಟೀಸ್ ಮ್ಯಾಚ್ ಇದೆಯಲ್ಲ ಸಾರ್, ಅದರಲ್ಲಿ ಅಮ್ಮ ಮಾತಾಡ್ತಾರೆ. ಕೇಳಿ ಆಮೇಲೆ ತೀರ್ಮಾನ ಮಾಡಿ" ಎಂದಳು.

ಅಕ್ಕ ಹೊಲಿಗೆಗೆ ಕೂರುವ ಮೊದಲು ಟೈಪಿಂಗ್ ಕಲಿತವಳು. ಬೆರಳಿನ ಓಟ ಇನ್ನೂ ಹೋಗಿರಲಿಲ್ಲ. ಮಗಳು ಮಾಡಿದ್ದು ಇಷ್ಟು: ತೆರೆಯ ಮೇಲೆ ಒಂದು ಬಿಳಿ ಪೆಟ್ಟಿಗೆ, ಕೆಳಗೆ 'ಮಾತಾಡು' ಎಂಬ ಗುಂಡಿ. ಪೆಟ್ಟಿಗೆಯಲ್ಲಿ ಬರೆದು ಗುಂಡಿ ಒತ್ತಿದರೆ ಕಂಪ್ಯೂಟರ್ ಓದಬೇಕು. ಓದಿತು! ನಾನು ಚಪ್ಪಾಳೆ ತಟ್ಟಿದೆ. ಅಕ್ಕ ಖುಷಿಯಲ್ಲಿ ಮುಂದಿನ ಮಾತು ಕುಟ್ಟಿದಳು. ಒಂದಕ್ಷರವೂ ಮೂಡಲಿಲ್ಲ. ಮತ್ತೆ ಕುಟ್ಟಿದಳು. ಊಹೂಂ.

"ಕೆಟ್ಟೋಯ್ತಾ?" ಎಂದು ನಾನು ಕೂಗಿದೆ.

"ಇಲ್ಲ ಮಾವ. ಗುಂಡಿ ಒತ್ತಿದ್ರಲ್ಲ, ಈಗ ಕರ್ಸರ್ ಗುಂಡಿ ಹತ್ರ ಇದೆ. ಪೆಟ್ಟಿಗೆ ಮೇಲೆ ಇನ್ನೊಂದ್ಸಲ ಕ್ಲಿಕ್ ಮಾಡ್ಬೇಕು."

"ಪ್ರತಿ ಸಲಾನಾ? ಅಷ್ಟೊತ್ತಿಗೆ ಬಾಲು ಪಕ್ಕದ ಬೀದಿಗೆ ಹೋಗಿರುತ್ತೆ ಕಣೇ! ಎಂಟರ್ ಒತ್ತಿದ್ರೆ ಮಾತಾಡಲ್ವಾ ಇದು?"

ಎಂಟರ್ ಒತ್ತಿದರೆ ಅದು ತಣ್ಣಗೆ ಕೆಳಗಿನ ಸಾಲಿಗೆ ಇಳಿಯಿತು. ಅವಳು ಮಾಡಿದ್ದು ಪತ್ರ ಬರೆಯುವಂಥ ಹಲವು ಸಾಲಿನ ಪೆಟ್ಟಿಗೆ. "ಅಮ್ಮನಿಗೆ ಮಾತು ಜಾಸ್ತಿ, ಜಾಗ ಬೇಕಾಗುತ್ತೆ ಅಂದ್ಕೊಂಡೆ" ಎಂದಳು. ಅಕ್ಕ ಅವಳ ತಲೆಗೆ ಮೊಟಕಿದಳು.

ಶನಿವಾರದ ಹೊತ್ತಿಗೆ ಪೆಟ್ಟಿಗೆ ಒಂದೇ ಸಾಲಿನದಾಯಿತು. ಗುಂಡಿ ಹೋಯಿತು. ಎಂಟರ್ ಒತ್ತಿದರೆ ಮಾತು, ಕೂಡಲೇ ಪೆಟ್ಟಿಗೆ ಖಾಲಿ, ಕರ್ಸರ್ ಅಲ್ಲೇ ಮಿನುಗುತ್ತ ಕಾದಿರುತ್ತದೆ. ಇನ್ನೇನು ಬೇಕು ಎಂದುಕೊಂಡು ಮೈದಾನಕ್ಕೆ ಹೋದೆವು. ಅಲ್ಲಿ ಮಾನ ಹೋಯಿತು. ಅಕ್ಕ ವಾಕ್ಯ ಪೂರ್ತಿ ಬರೆದು ಎಂಟರ್ ಒತ್ತಿ "ಒಂಬತ್ತು ಹೊಡೆಯಲು ಹೊರಟಿದ್ದಾನೆ" ಎನ್ನಿಸುವಷ್ಟರಲ್ಲಿ ಆ ಒಂಬತ್ತನೆಯವನು ಹೊಡೆದು, ತಪ್ಪಿ, ತಲೆ ಮೇಲೆ ಕೈ ಹೊತ್ತು ನಿಂತಿದ್ದ. ಜನ ಬಿದ್ದು ಬಿದ್ದು ನಕ್ಕರು. ಸೋಡಾದವನಂತೂ ಗಂಟಲು ಸರಿಮಾಡಿಕೊಂಡ. ಅವನನ್ನು ಅಲ್ಲೇ ಗೋಲಿನ ಕಂಬಕ್ಕೆ ವೆಲ್ಡ್ ಮಾಡಿಬಿಡೋಣ ಅನ್ನಿಸಿತು.

ಅಕ್ಕ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಮನೆಗೆ ಬಂದವಳೇ ಮಗಳ ಮುಂದೆ ಮೇಜು ತಟ್ಟಿದಳು. ಟಕ್. ಟಕ್. ಟಕ್. ನನಗೆ ಫಳಕ್ಕನೆ ಹೊಳೆಯಿತು.

"ನಿಮ್ಮಮ್ಮ ಯಾವತ್ತಾದ್ರೂ ಮಾತು ಪೂರ್ತಿ ಜೋಡಿಸ್ಕೊಂಡು ಆಮೇಲೆ ಬಾಯಿ ತೆಗೆದವಳಾ? ಬಾಲು ಓಡ್ದಂಗೆ ಒಂದೊಂದೇ ಮಾತು ಎಸೀತಿದ್ಲು ಕಣೇ!"

ಮಗಳು ಹಣೆ ಚಚ್ಚಿಕೊಂಡಳು. "ಪೆಟ್ಟಿಗೆಗೆ ಪ್ರತಿ ಅಕ್ಷರ ಬಿದ್ದಾಗ್ಲೂ ಗೊತ್ತಾಗುತ್ತೆ ಮಾವ! ನಾನೇ ಎಂಟರ್‌ಗೆ ಕಾಯಿಸ್ತಿದೀನಿ. ಸ್ಪೇಸ್ ಒತ್ತಿದ ತಕ್ಷಣ ಆ ಪದ ಮಾತಾಡೋ ಹಾಗೆ ಮಾಡಬಹುದು. ಆದ್ರೆ ಅಮ್ಮ, ತಪ್ಪಾದ್ರೆ ಆಮೇಲೆ ಅಳಿಸೋಕಾಗಲ್ಲ. ಮೈಕಲ್ಲಿ ಹೋಗ್ಬಿಟ್ಟಿರುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದರಲ್ಲೇನು ಹೊಸದು? ಹೊಸ ಪೆಟ್ಟಿಗೆ ಸಿದ್ಧವಾದ ಮೇಲೆ ಅಕ್ಕ ಆಡಿದ ಮೊದಲ ಮಾತೇ ಇದು, ಒಂದೊಂದೇ ಪದವಾಗಿ: "ಇಷ್ಟು... ದಿನ... ಬಾಯಲ್ಲಿ... ರಬ್ಬರ್... ಇಟ್ಕೊಂಡಿದ್ನಾ?"

ಭಾನುವಾರ ಬೆಳಿಗ್ಗೆ ಸೆಕ್ರೆಟರಿಯ ಮನೆಗೆ ನಾನೇ ಹೋದೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದು ಬೇಡ. ಮೊದಲರ್ಧ ಅಕ್ಕನದು, ಸರಿಹೋಗದಿದ್ದರೆ ಎರಡನೆಯದು ಸೋಡಾದವನದು ಎಂದು ಒಪ್ಪಿದ.

ಆಹಾ, ಏನು ಹೇಳಲಿ! ಯಂತ್ರದ ದನಿ ಒಣ ಕಟ್ಟಿಗೆಯಂತಿತ್ತು, ಮಾತು ಮಾತ್ರ ಅಕ್ಕನದೇ. "ಏಳು. ಏಳು. ಓಡು. ಬಿಟ್ಟ. ಅಯ್ಯೋ. ಕತ್ತೆ." ಮೈದಾನವೆಲ್ಲ ಘೊಳ್ಳೆಂದಿತು. ಮೂರನೆಯವನನ್ನು ಎಂಟು ಎಂದುಬಿಟ್ಟಳು. ಕೂಡಲೇ "ತಪ್ಪು. ಮೂರು. ನಾನೇ. ಹೊಲಿದದ್ದು" ಎಂದಳು. ಅದಕ್ಕೂ ಚಪ್ಪಾಳೆ!

ಅರ್ಧ ಮುಗಿಯಲು ಇನ್ನೇನು ಶಿಳ್ಳೆ ಆಗಬೇಕು, ಏಳನೆಯವನು ಚೆಂಡನ್ನು ಬಲೆಗೆ ನುಗ್ಗಿಸಿದ. ಜನ ಎದ್ದರು. ಎಲ್ಲರೂ ಸ್ಪೀಕರಿನ ಕಡೆ ತಿರುಗಿದರು. ಸ್ಪೀಕರು ಮೂಕ.

ನಾನು ಅವಳ ಮೇಜಿನತ್ತ ಓಡಿದೆ. "ಅಕ್ಕಾ! ಹೇಳೇ! ಗೋಲು ಕಣೇ!" ಎಂದು ಅರಚಿದೆ. ಸೋಡಾದವನು ಆಗಲೇ ಅರ್ಧ ಎದ್ದಿದ್ದ. ಅಕ್ಕನ ಬೆರಳು ಒಂದೇ ಕೀಲಿಯ ಮೇಲೆ ಕಚ್ಚಿಕೊಂಡಿತ್ತು. ತೆರೆಯ ಪೆಟ್ಟಿಗೆಯಲ್ಲಿ 'ಗೋ'ದ ಹಿಂದೆ ಓಓಓ ಎಂದು ಅಕ್ಷರಗಳು ಸಾಲುಗಟ್ಟಿ, ಪೆಟ್ಟಿಗೆಯ ಅಂಚು ದಾಟಿಯೂ ಓಡುತ್ತಿದ್ದವು. ನನ್ನತ್ತ ತಿರುಗಿ ಕಣ್ಣು ಹೊಡೆದಳು. ಆಮೇಲೆ ಹೆಬ್ಬೆರಳಿನಿಂದ ಸ್ಪೇಸ್ ಒತ್ತಿದಳು.

"ಗೋಓಓಓಓಓಓ..."

ನಿಲ್ಲಲೇ ಇಲ್ಲ! ಮನುಷ್ಯನ ಉಸಿರಾದರೆ ಮುಗಿಯಬೇಕಿತ್ತು. ಇದಕ್ಕೆ ಉಸಿರೇ ಬೇಡವಲ್ಲ! ಆಟಗಾರರು ತಬ್ಬಿಕೊಂಡು ಬಿಡಿಸಿಕೊಂಡರು, ಚೆಂಡು ನಡುವಿಗೆ ಬಂತು, ರೆಫರಿ ಶಿಳ್ಳೆಯನ್ನು ತುಟಿಗಿಟ್ಟುಕೊಂಡು ಕಾದ. ಅದಿನ್ನೂ ಓಓಓ ಅನ್ನುತ್ತಿತ್ತು. ಜನವೂ ಸೇರಿಕೊಂಡರು. ತಾರಸಿಗಳ ಮೇಲೆ ಸೌಟುಗಳೆದ್ದವು. ಸೆಕ್ರೆಟರಿಯೂ ಬಾಯಿ ತೆರೆದು ಓಓಓ ಅನ್ನುತ್ತಿದ್ದ.

ಅರ್ಧ ಮುಗಿದಾಗ ಸೋಡಾದವನೇ ಬಂದು ಅಕ್ಕನ ಮೇಜಿನ ಮೇಲೆ ಒಂದು ಸೋಡಾ ಇಟ್ಟ. "ಗಂಟೆಯಕ್ಕ, ನನ್ನ ಕೈಲಿ ಅಷ್ಟುದ್ದ ಆಗಲ್ಲ. ನೀವೇ ಮುಂದುವರಿಸಿ" ಎಂದ.

ಅಕ್ಕ ಒಂದು ಗುಟುಕು ಕುಡಿದು, ಬಾಯಿ ಒರೆಸಿಕೊಂಡು, ಬೆರಳ ನೆಟಿಗೆ ಮುರಿದುಕೊಂಡಳು. ಸ್ಪೀಕರು ಮೈದಾನಕ್ಕೆಲ್ಲ ಕೇಳುವಂತೆ ಹೇಳಿತು:

"ಸೋಡಾದಲ್ಲಿ. ಗ್ಯಾಸ್. ಕಮ್ಮಿ."