ಅರವತ್ತನೇ ಪುಟದಲ್ಲಿ ಸತ್ತ ಅತ್ತೆ

ಕಾದಂಬರಿಯ ಮೊದಲ ಕರಡು ಮುಗಿದಾಗ ಅದನ್ನು ಓದಿ ಸರಿತಪ್ಪು ಹೇಳುವವರು ಬೇಕೆನಿಸಿತು. ಮನೆಯವರಿಗೆ ಕೊಡುವ ಹಾಗಿರಲಿಲ್ಲ, ಅರ್ಧ ಕಥೆ ಅವರದ್ದೇ. ನಾನು ಕೆಲಸ ಮಾಡುವ ಕಾಲೇಜಿನ ಕನ್ನಡ ಅಧ್ಯಾಪಕರೊಬ್ಬರು ಯಾದವಗಿರಿ ಬಡಾವಣೆಯಲ್ಲಿರುವ ಒಬ್ಬ ಸಂಪಾದಕಿಯ ಹೆಸರು ಹೇಳಿದರು. ಪ್ರಕಾಶನ ಸಂಸ್ಥೆಯೊಂದರಲ್ಲಿ ದುಡಿದು ನಿವೃತ್ತರಾದವರು. ಈಗ ಹೊಸಬರ ಹಸ್ತಪ್ರತಿ ಓದಿ ಸಲಹೆ ಕೊಡುತ್ತಾರಂತೆ. ಇನ್ನೂರು ಪುಟ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಒಂದು ಭಾನುವಾರ ಕೊಟ್ಟು ಬಂದೆ. ಹಿಂದಿರುಗುವಾಗ ಬಸ್ಸಿನಲ್ಲಿ, ಪುಸ್ತಕ ಬಿಡುಗಡೆಯ ದಿನ ವೇದಿಕೆಯ ಮೇಲೆ ಏನು ಮಾತಾಡಬೇಕೆಂದು ಯೋಚಿಸಿ ಮುಗಿಸಿಯೂ ಬಿಟ್ಟಿದ್ದೆ.

ಮೂರು ವಾರಕ್ಕೆ ಅವರಿಂದ ಫೋನ್ ಬಂತು. ಹೋದೆ. ವರಾಂಡದಲ್ಲಿ ಕೂರಿಸಿ, ಕಾಫಿ ಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಬೇರೇನೋ ಮಾತಾಡಿದರು. ಆಮೇಲೆ ಹಸ್ತಪ್ರತಿ ತೆರೆದರು. ಅಂಚಿನ ತುಂಬ ಪೆನ್ಸಿಲ್ ಬರಹ.

“ನಿಮ್ಮ ನಾಯಕಿ ಮೊದಲ ಐವತ್ತು ಪುಟದಲ್ಲಿ ಮೂವತ್ತೊಂದು ಸಲ ನಿಟ್ಟುಸಿರು ಬಿಡ್ತಾರೆ,” ಎಂದರು. “ಒಂದ್ಸಲ ಡಾಕ್ಟರಿಗೆ ತೋರಿಸೋದು ಒಳ್ಳೇದು.”

ನಗಲು ಪ್ರಯತ್ನಿಸಿದೆ. ಆ ನಾಯಕಿ ಯಾರೆಂದು ಅವರಿಗೆ ಗೊತ್ತಾಗಿತ್ತೆಂದು ಕಾಣುತ್ತದೆ, ಇನ್ನೊಂದು ಲೋಟ ಕಾಫಿ ತರಲೇ ಎಂದು ಕೇಳಿದರು.

ಹೊಗಳಿದ್ದು ಒಂದೇ ಒಂದು ಪಾತ್ರವನ್ನು. ನಾಯಕಿಯನ್ನು ಗೋಳುಹೊಯ್ದುಕೊಳ್ಳಲೆಂದೇ ನಾನು ತಂದಿದ್ದ ಅತ್ತೆಯನ್ನು. ಆಕೆ ಬಂದ ಮೇಲೆ ತಾವು ನೆಟ್ಟಗೆ ಕೂತು ಓದತೊಡಗಿದ್ದಾಗಿಯೂ, ಅರವತ್ತನೇ ಪುಟದಲ್ಲಿ ಆಕೆಗೆ ಹೃದಯಾಘಾತ ಮಾಡಿಸಿಬಿಟ್ಟಿದ್ದರಿಂದ ಬೇಸರವಾಯಿತೆಂದೂ ಹೇಳಿದರು. ಕಥೆಗೊಂದು ತಿರುವು ಬೇಕಿತ್ತು ಎಂದೆ. ಅವರು ಪುಟ ಮಗುಚಿದರು.

ಅಲ್ಲೊಂದು ಪ್ರಸಂಗವಿತ್ತು. ಮದುವೆಯಾದ ವರ್ಷ ಗೌರಿ ಹಬ್ಬಕ್ಕೆಂದು ತವರಿನವರು ಕೊಟ್ಟ ನೇರಳೆ ರೇಷ್ಮೆ ಸೀರೆಯನ್ನು, ನಾಯಕಿ ಮನೆಯಲ್ಲಿಲ್ಲದಾಗ ಅತ್ತೆ ಪಾತ್ರೆ ಮಾರುವವನಿಗೆ ಕೊಟ್ಟು ಸ್ಟೀಲ್ ಡಬರಿ ತೆಗೆದುಕೊಳ್ಳುತ್ತಾಳೆ. ನಾನು ಕಣ್ಣೀರಿಟ್ಟುಕೊಂಡು ಬರೆದ ಭಾಗ ಅದು.

“ಈ ಹೆಂಗಸು ಕಾರಣ ಇಲ್ದೆ ಒಂದು ಎಸಳು ಕರಿಬೇವೂ ಬಿಸಾಡೋರಲ್ಲ,” ಎಂದರು ಸಂಪಾದಕಿ. “ಹೊಸ ಸೀರೆ ಯಾಕೆ ಕೊಟ್ರು? ನಿಮಗೂ ಗೊತ್ತಿಲ್ಲ ಅನ್ಸುತ್ತೆ. ತಿಳ್ಕೊಂಡು ಬರೀರಿ.”

ತಿಳಿದುಕೊಳ್ಳಲು ದೂರವೇನೂ ಹೋಗಬೇಕಿರಲಿಲ್ಲ. ಅರವತ್ತನೇ ಪುಟದಲ್ಲಿ ಸತ್ತ ಅತ್ತೆ ಕುಂಬಾರಕೊಪ್ಪಲಿನ ನಮ್ಮ ಮನೆಯ ಹಾಲಿನಲ್ಲಿ ಗಟ್ಟಿಮುಟ್ಟಾಗಿ ಕೂತು ಧಾರಾವಾಹಿ ನೋಡುತ್ತಿದ್ದರು. ಕೇಳುವ ಧೈರ್ಯ ಬರಲು ಮಾತ್ರ ಒಂದು ವಾರ ಹಿಡಿಯಿತು. ಜಾಹೀರಾತು ಬಂದ ಹೊತ್ತು ನೋಡಿಕೊಂಡು, ಆ ನೇರಳೆ ಸೀರೆ ಯಾಕೆ ಕೊಟ್ಟಿರಿ ಎಂದು ಕೇಳಿದೆ.

ಅವರು ಟಿವಿಯ ಸದ್ದು ತಗ್ಗಿಸಿದರು. “ಸೆರಗು ಸುಟ್ಕೊಂಡು ಒಳಮಡಿಕೆ ಮಾಡಿ ಮಡಗಿದ್ದೆಯಲ್ಲ, ನೋಡಿದ್ದೆ ಕಣವ್ವ. ಹಬ್ಬಕ್ಕೆ ನಿನ್ ನಾದಿನಿ ಬರೋಳು. ಅವಳ ಬಾಯಿ ಗೊತ್ತಲ್ಲ, ಊರಿಗೆಲ್ಲ ಸಾರ್‌ಬುಡೋಳು. ಬಯ್ಯೋದಾದ್ರೆ ನನ್ನೇ ಬಯ್ಯಲಿ ಅಂತ ಕೊಟ್‌ಬುಟ್ಟೆ.”

ಇಸ್ತ್ರಿ ಪೆಟ್ಟಿಗೆ ಜಾಸ್ತಿ ಕಾದು ಸೆರಗು ಸುಟ್ಟಿದ್ದು ನಿಜ. ಯಾರಿಗೂ ಗೊತ್ತಿಲ್ಲವೆಂದು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ಕಾದಂಬರಿಯಲ್ಲೂ ಆ ಕಲೆಯನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಬರೆದಿದ್ದೆ.

“ನಂಗೆ ಯಾಕೆ ಹೇಳ್ಲಿಲ್ಲ ಅತ್ತೆ?”

“ನೀನೇ ಹೇಳ್ನಿಲ್ಲ. ನಾನೆಂಗೆ ಹೇಳನ?”

ಆಮೇಲೆ, ಇದನ್ನೆಲ್ಲ ಈಗ ಯಾಕೆ ಕೇಳುತ್ತಿದ್ದೀಯ ಎಂದರು. ಕಾದಂಬರಿಯ ವಿಷಯ ಹೇಳಲೇಬೇಕಾಯಿತು. ಅದರಲ್ಲಿ ತಮ್ಮ ಗತಿ ಏನಾಯಿತೆಂದು ವಿಚಾರಿಸಿದರು. ಅದನ್ನೂ ಹೇಳಿದೆ. ಯಾವ ಕಾಯಿಲೆ ಎಂದು ಕೇಳಿ ತಿಳಿದುಕೊಂಡು, “ಸದ್ಯ, ವರ್ಷಗಟ್ಟಲೆ ಮಲಗಿಸಿ ನರಳಿಸ್ನಿಲ್ವಲ್ಲ,” ಎಂದು ಟಿವಿಯ ಸದ್ದು ಏರಿಸಿದರು.

ತಿದ್ದಿ ಬರೆಯಲು ನಾಲ್ಕು ತಿಂಗಳಾಯಿತು. ಸುಟ್ಟ ಕಲೆಯನ್ನು ಒಳಗೆ ತರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅದು ಬಂದ ಮೇಲೆ ನಾಯಕಿಯ ಮೇಲೆ ಯಾರಿಗೂ ಅಷ್ಟೊಂದು ಕನಿಕರ ಹುಟ್ಟುವಂತಿರಲಿಲ್ಲ, ನನಗೂ ಕೂಡ. ಅತ್ತೆ ಕೊನೆಯ ಪುಟದವರೆಗೂ ಬದುಕಿದರು. ನಡುನಡುವೆ ನಮ್ಮ ಅತ್ತೆ ತಾವಾಗಿಯೇ ಬಂದು, ಇದನ್ನೂ ಸೇರಿಸ್ಕೊ ಎಂದು ನಾದಿನಿಯ ಬಗ್ಗೆ ಒಂದೊಂದು ಸಂಗತಿ ಹೇಳಿ ಹೋಗುತ್ತಿದ್ದರು. ಒಂದೆರಡನ್ನು ಸೇರಿಸಿಯೂ ಬಿಟ್ಟೆ.

ಎರಡನೇ ಕರಡನ್ನು ಓದಿದ ಸಂಪಾದಕಿ, ಈಗ ಕಥೆಗೆ ಜೀವ ಬಂತು ಎಂದರು. ನಾನು ಹಿಗ್ಗುವಷ್ಟರಲ್ಲಿ, “ಗಂಡ ಅಂತ ಒಬ್ರು ಇದಾರಲ್ಲ, ಊಟದ ಹೊತ್ತು ಬಿಟ್ರೆ ಅವರು ಎಲ್ಲಿರ್ತಾರೆ?” ಎಂದು ಕೇಳಿದರು.

ಈಗ ಮೂರನೆಯದು ನಡೆದಿದೆ. ವಿಷಯ ಗೊತ್ತಾದಾಗಿನಿಂದ ನಮ್ಮ ಯಜಮಾನರು ಮನೆಯಲ್ಲಿ ಸ್ವಲ್ಪ ಅಳೆದು ತೂಗಿ ಮಾತಾಡುತ್ತಿದ್ದಾರೆ.