ದೇವಕಮ್ಮ ನೋಡಿದ ಸಿನೆಮಾ

ಹತ್ತಿ ಬಿಡಿಸುವಾಗ ದೇವಕಮ್ಮನ ಪಕ್ಕದ ಸಾಲು ಹಿಡಿಯಲು ಹೆಂಗಸರು ಹಿಂಜರಿಯುತ್ತಿದ್ದರು. ಅವಳದು ಮಾತಿಲ್ಲ, ಹಾಡಿಲ್ಲ, ಕೈ ನಿಲ್ಲುವುದಿಲ್ಲ. ಗೋಗಿಯಿಂದ ಒಳಗೆ ಹೋಗುವ ದಾರಿಯಲ್ಲಿ ಅವಳ ಊರು. ಊರ ಕೊನೆಯ ಕೇರಿಯಲ್ಲಿ ಅವಳ ಮನೆ. ಓದು ಬಾರದ ಅವಳಿಗೆ ಒಂದು ಕಾದಂಬರಿ ಮಾತ್ರ ಬಾಯಿಪಾಠವಿತ್ತು. ಅದು ಅವಳ ಅಕ್ಕ ಸತ್ತ ಕಥೆ.

ಅಕ್ಕ ಮಲ್ಲೇಶ್ವರಿ ಸತ್ತಾಗ ದೇವಕಮ್ಮ ಇನ್ನೂ ಲಂಗ ಉಡುವ ಹುಡುಗಿ. ಬಸುರಿ ಅಕ್ಕ ತಂಗಿಯೊಂದಿಗೆ ಬಿಸಿಲಲ್ಲಿ ಹೊಲದಿಂದ ಬರುತ್ತ ಹೋಟೆಲ್ಲಿನ ಮುಂದೆ ನಿಂತು ನೀರು ಕೇಳಿದಳು. ಕೇರಿಯವರ ಗ್ಲಾಸನ್ನು ಹೊರಗೆ ಚಪ್ಪರದ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದರು. ಅಂದು ಅದು ಅಲ್ಲಿರಲಿಲ್ಲ. ಮಲ್ಲೇಶ್ವರಿ ಒಳಗಿನ ಗ್ಲಾಸೆತ್ತಿ ಕುಡಿದಳು. ಐದಾರು ಜನ ಅವಳನ್ನು ರಸ್ತೆಗೆ ಎಳೆದು ಹೊಡೆದರು. ಮೊದಲ ಏಟು ಮೇಲಿನ ಓಣಿಯ ಜಗದೇವಪ್ಪನದು. ಶಹಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತು. ಕೋರ್ಟಿನಲ್ಲಿ ಊರಿನ ಒಬ್ಬರೂ ಕಂಡದ್ದನ್ನು ಹೇಳಲಿಲ್ಲ. ಹೇಳಿದವಳು ದೇವಕಮ್ಮ ಒಬ್ಬಳೇ. ಅದು ಸಣ್ಣ ಹುಡುಗಿಯ ಮಾತೆಂದು ತಳ್ಳಿಹೋಯಿತು. ಹೊಡೆದವರು ಮನೆಗೆ ಬಂದರು.

ಅವಳ ಮಾತನ್ನು ನಂಬಿದವನು ಕೇರಿಯ ಮಾಸ್ತರ ಬುದ್ಧಪ್ರಿಯ. ಅವಳೆದುರು ಕೂತು ಕೇಳಿ, ಮತ್ತೆ ಮತ್ತೆ ಕೇಳಿ, ಕಾದಂಬರಿ ಬರೆದ. ಹೊಡೆದವರ ಹೆಸರು ಹಾಕಲಿಲ್ಲ, ಮುಖ ಬರೆಯಲಿಲ್ಲ. ಕೈಗಳನ್ನಷ್ಟೇ ಬರೆದ. ಗಡಿಯಾರ ಕಟ್ಟಿದ ಕೈ, ಬೆಳ್ಳಿ ಕಡಗದ ಕೈ. ಯಾವ ಕೈ ಯಾರದೆಂದು ಊರಿಗೆಲ್ಲ ಗೊತ್ತಿತ್ತು. ಯಾದಗಿರಿ, ಸುರಪುರದ ಕಾಲೇಜು ಹುಡುಗರು ಆ ಪುಸ್ತಕವನ್ನು ಅಳುತ್ತ ಓದಿದರು. ಕೆಲವರು ಆ ಕೈಗಳನ್ನು ನೋಡಲೆಂದೇ ಊರಿಗೆ ಬಂದರು. ಜಗದೇವಪ್ಪ ಕಡಗ ಬಿಚ್ಚಿಟ್ಟ. ಬಸ್ಸಿಗೆ ಕೇರಿಯವರು ಹತ್ತಿದರೆ ಕೈಯನ್ನು ಹೆಗಲ ವಸ್ತ್ರದೊಳಗೆ ಸೇರಿಸಿಕೊಳ್ಳುತ್ತಿದ್ದ. ದೇವಕಮ್ಮನಿಗೆ ಸಿಕ್ಕ ನ್ಯಾಯ ಅಷ್ಟೇ.

ಬುದ್ಧಪ್ರಿಯ ತೀರಿಕೊಂಡ ಮೇಲೆ ಸಿನೆಮಾದವರು ಬಂದರು. ನಿರ್ದೇಶಕ ಬೆಂಗಳೂರು ಕಡೆಯ ಸಂಭಾವಿತ ಹುಡುಗ, ಕಾದಂಬರಿಯನ್ನು ಜೀವದಂತೆ ಪ್ರೀತಿಸಿದವನು. ಊರಿನವರೇ ನಟಿಸಬೇಕೆಂದು ಅವನ ಹಟ. ಹೊಡೆಯುವವರಾಗಿ ನಿಲ್ಲಲು ಮೇಲಿನ ಓಣಿಯವರು ತಮ್ಮ ಒಬ್ಬ ಹುಡುಗನನ್ನೂ ಕಳಿಸಲಿಲ್ಲ. ಕೊನೆಗೆ ಕೇರಿಯ ಹುಡುಗರೇ ಧೋತರ ಉಟ್ಟು ನಿಂತರು. ದೇವಕಮ್ಮನ ಮಗ ಅರುಣಕುಮಾರನೂ ಹೋದ. ಗುಂಪಿನಲ್ಲಿ ಒಬ್ಬನಾಗಿ ನಿಲ್ಲುತ್ತೇನೆ ಎಂದಷ್ಟೇ ತಾಯಿಗೆ ಹೇಳಿದ್ದ. ಶೂಟಿಂಗಿನ ಕಡೆ ಅವಳು ಸುಳಿಯಲೇ ಇಲ್ಲ.

ಶಹಾಪುರದ ಟಾಕೀಜಿನಲ್ಲಿ ಮೊದಲ ಆಟ. ದೇವಕಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ನೆರೆಮನೆಯ ಪಂಚಶೀಲಾ. ತೆರೆಯ ಮೇಲೆ ಕಡಗದ ಕೈ ಎದ್ದಿತು. ಕ್ಯಾಮೆರಾ ಆ ಕೈಯಿಂದ ತೋಳಿಗೆ, ತೋಳಿನಿಂದ ಮುಖಕ್ಕೆ ಸರಿಯಿತು. ಅರುಣಕುಮಾರ.

ಹಿಂದಿನಿಂದ ಯಾರೋ ಸೀಟಿ ಹೊಡೆದರು. "ಏ, ನಮ್ಮ ಅರುಣ್ಯಾನೋ!"

"ಯಕ್ಕಾ, ಏಳು, ಹೊರಗ ಹೋಗೂಣು," ಎಂದಳು ಪಂಚಶೀಲಾ.

"ಕುಂದ್ರು. ನೋಡಾಕತ್ತೇನಿ."

ಆಟ ಮುಗಿದಾಗ ನಿರ್ದೇಶಕ ಅವಳ ಕಾಲ ಬಳಿ ಕುಕ್ಕರಿಸಿದ. "ಅಮ್ಮಾ, ಬೇರೆ ಯಾರು ಏನಂದರೂ ಪರವಾಗಿಲ್ಲ. ನೀವು ಹೇಳಿ. ಎಲ್ಲಾದರೂ ತಪ್ಪಿದೆಯಾ?"

"ನೀರ ಕುಡಿಯೂದು, ಎಳಿಯೂದು, ಹೊಡಿಯೂದು, ಎಲ್ಲಾ ಹಂಗಾ ಅದರಿ," ಎಂದಳು.

ಅವನು ಕಣ್ಣೊರೆಸಿಕೊಂಡ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಆಮೇಲೆ ಆ ಏಟಿನ ತುಣುಕು ಊರಿನ ಮೊಬೈಲುಗಳಲ್ಲಿ ಓಡಾಡತೊಡಗಿತು. ಒಂದು ಸಂಜೆ ದೇವಕಮ್ಮ ಮಗನೊಂದಿಗೆ ಹೋಟೆಲ್ಲಿನ ಮುಂದೆ ಹಾದು ಬರುತ್ತಿದ್ದಳು. ಜಗದೇವಪ್ಪನ ಮೊಮ್ಮಗ ಭೀಮಾಶಂಕರ ಒಳಗಿನಿಂದ ಕೂಗಿದ.

"ಬರ್ರಿ ಹೀರೋ ಸಾಹೇಬ್ರ! ಒಳಗಿನ ಗ್ಲಾಸಿನ್ಯಾಗಾ ಚಾ ಕುಡೀರಿ. ಈಗ ಯಾರ ಅಂಜಿಕಿ? ಹೊಡಿಯವ ನೀನಾ ಅದಿಯಲ್ಲೋ!"

ಬೆಂಚು ಬೆಂಚೂ ನಕ್ಕಿತು.

"ನಿಮ್ಮ ಮುತ್ಯಾನ್ನ ಕೇಳೋ ಯಾರ ಹೊಡದ್ರಂತ," ಎಂದ ಅರುಣಕುಮಾರ.

ಮುದುಕ ಜಗದೇವಪ್ಪ ಅಲ್ಲೇ ಕೂತಿದ್ದ. ಎರಡೂ ಕೈ ಮೇಜಿನ ಮೇಲೆ ಬಿಟ್ಟುಕೊಂಡಿದ್ದ. "ನನ್ನ ಯಾಕ ಕೇಳ್ತಿಯೋ ತಮ್ಮಾ? ಸಾವಿರ ಮಂದಿ ನೋಡ್ಯಾರ. ಕೂಸುಗಳೂ ಹೇಳ್ತಾವ," ಎಂದು ಚಹಾ ಹೀರಿದ.

ಅರುಣಕುಮಾರ ಒಳಗೆ ನುಗ್ಗಲು ಹೋದ. ದೇವಕಮ್ಮ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

ಮನೆಯಲ್ಲಿ ಅವಳು ರೊಟ್ಟಿ ಬಡಿಯತೊಡಗಿದಳು. ಮಗ ಗೋಡೆಗೆ ಒರಗಿ ಕೂತ.

"ಅವ್ವಾ, ಬ್ಯಾರೆದವರು ನಿಂತಿದ್ರ ಸುಮ್ನ ಮೆತ್ತಗ ಹೊಡೀತಿದ್ರು. ದೊಡ್ಡವ್ವಗ ಹೆಂಗ ಬಿತ್ತಂತ ಸಣ್ಣಾಂವ ಇದ್ದಾಗಿಂದ ನಿನ್ನ ಬಾಯಿಲೇ ಕೇಳೀನಿ. ಖರೇ ಖರೇ ಕಾಣ್ಲೆಂತ ನಾನಾ ನಿಂತೆ."

"ಬರೋಬರಿ ಹೊಡದಿ. ಅಂವನೂ ಹಂಗಾ ಹೊಡದಿದ್ದ."

"ಬೈಯಿ ಬೇಕಾರ. ಹಿಂಗ ಮಾರಿ ತಿರುಗಿಸಿ ಕುಂದ್ರಬ್ಯಾಡ."

ದೇವಕಮ್ಮ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. "ಕೋರ್ಟಿನ್ಯಾಗ ನನ್ನ ಮಾತ ನಡೀಲಿಲ್ಲ. ಆದ್ರ ಕಣ್ಣ ಮುಚ್ಚಿದ್ರ ಜಗದೇವಪ್ಪನ ಮಾರಿ ಎದುರಿಗೆ ನಿಲ್ತಿತ್ತು. ಇಷ್ಟ ವರ್ಷ ಅದೊಂದಾ ನನ್ನ ಕಡಿ ಇತ್ತು, ಅಂವನ್ನ ಬಿಟ್ಟಿಲ್ಲ ಅನ್ನಾಕ."

"ಈಗ?"

"ಸಿನೆಮಾ ನೋಡಿ ಬಂದಾಗಿಂದ ಅಂವ ಬರವಲ್ಲ."

ಹಾಗಾದರೆ ಯಾರು ಬರುತ್ತಾರೆ ಎಂದು ಅರುಣಕುಮಾರ ಕೇಳಲಿಲ್ಲ. ದೇವಕಮ್ಮ ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು. ಉಣ್ಣು ಎಂದಳು, ಅವನತ್ತ ನೋಡದೆ.