ಆಷಾಢ ಕಳೆಯುವ ತನಕದ ಬಣ್ಣ

ನನಗೊಂದು ಕೆಟ್ಟ ಚಾಳಿ ಇದೆ. ಈ ವಯಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಏನಾಗಬೇಕು, ಹೇಳಿಯೇ ಬಿಡುತ್ತೇನೆ. ಅಂಗಡಿಯ ಗಾಜಿನ ಮೇಲೆ ಬಣ್ಣದಲ್ಲಿ ಏನಾದರೂ ಬರೆದಿದ್ದರೆ ಎಲ್ಲರೂ ಓದುತ್ತಾರೆ, ನಾನು ಉಗುರಿನಿಂದ ಕೆರೆದು ನೋಡುತ್ತೇನೆ. ಪುಡಿಪುಡಿಯಾಗಿ ಉದುರಿದರೆ ಪೋಸ್ಟರ್ ಕಲರ್. ಸಿಪ್ಪೆಯ ಹಾಗೆ ಎದ್ದು ಬಂದರೆ ಗೋಡೆಗೆ ಹಚ್ಚುವ ಎಮಲ್ಷನ್. ಉಗುರೇ ಸೋತರೆ ಆಯಿಲ್ ಪೇಂಟ್. ಸಂಜಯನಗರದ ಮುಖ್ಯರಸ್ತೆಯ ಚಪ್ಪಲಿ ಅಂಗಡಿಯವನು ಒಮ್ಮೆ ಹೊರಗೆ ಓಡಿ ಬಂದು, "ಏನಮ್ಮಾ ಇದು, ಐವತ್ತು ಪರ್ಸೆಂಟ್ ಆಫರ್ ಹಾಕಿದ್ರೆ ನೀವು ಐದು ಮಾಡ್ತಾ ಇದೀರಲ್ಲ!" ಎಂದ. ನೋಡಿದರೆ ಸೊನ್ನೆ ಅರ್ಧ ಹೋಗಿತ್ತು. ಸಾರಿ ಹೇಳಿ, ಬೇಡದಿದ್ದರೂ ಒಂದು ಜೊತೆ ಬಾತ್‌ರೂಮ್ ಚಪ್ಪಲಿ ಕೊಂಡು ಬಂದೆ.

ಈ ಚಾಳಿ ಹತ್ತಿಸಿದವರು ಕಾನ್ವೆಂಟಿನ ಸಿಸ್ಟರ್ ಆಗ್ನೆಸ್. ಡಿಸೆಂಬರ್ ಬಂತೆಂದರೆ ನಮ್ಮ ಬೋರ್ಡಿಂಗಿನ ಕಿಟಕಿಗಳಿಗೆಲ್ಲ ನಕ್ಷತ್ರ, ಗಂಟೆ, ರೆಕ್ಕೆಯ ದೇವದೂತರು. ಸೀಮೆಸುಣ್ಣದ ಪುಡಿ, ಪುಡಿಬಣ್ಣ, ನೀರು, ಅದಕ್ಕೆ ನಾಲ್ಕು ಹನಿ ಸೋಪಿನ ನೀರು. ಗುಟ್ಟು ಇರುವುದು ಆ ಸೋಪಿನಲ್ಲೇ. ಅದು ಬಣ್ಣವನ್ನು ಗಾಜಿನ ಮೇಲೆ ಕೂರಲು ಬಿಡುತ್ತದೆ, ಬೇರೂರಲು ಬಿಡುವುದಿಲ್ಲ. ಹಬ್ಬ ಕಳೆದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ದೇವದೂತರೆಲ್ಲ ಬಕೆಟ್ಟಿನೊಳಗೆ. "ಹೋಗಬೇಕಾದದ್ದನ್ನು ಹೋಗುವ ಬಣ್ಣದಲ್ಲೇ ಬರಿ, ಚೈಲ್ಡ್" ಎನ್ನುತ್ತಿದ್ದರು ಸಿಸ್ಟರ್. ಅವರೇ ಹೇಳಿದ್ದು, ಹಳೆಯ ಕಾಲದ ಚರ್ಚ್ ಚಿತ್ರಗಳಿಗೆ ಬಣ್ಣವನ್ನು ಮೊಟ್ಟೆಯ ಹಳದಿಯಲ್ಲಿ ಕಲಸುತ್ತಿದ್ದರಂತೆ. ಅದಕ್ಕೆ ಟೆಂಪೆರಾ ಎಂದು ಹೆಸರು. ಶತಮಾನ ಕಳೆದರೂ ಕದಲುವುದಿಲ್ಲ. ನಮ್ಮ ಪೋಸ್ಟರ್ ಕಲರ್ ಕೂಡ ಅದೇ ವಂಶದ್ದು ಎನ್ನುತ್ತಾರೆ. ದೊಡ್ಡ ಮನೆತನದಲ್ಲಿ ಹುಟ್ಟಿಯೂ ಒಂದು ತುಂತುರಿಗೆ ಕರಗಿ ಹೋಗುವವರು ಬಣ್ಣಗಳಲ್ಲೂ ಇದ್ದಾರೆ.

ಕಾನ್ವೆಂಟಿನಿಂದ ನಾನು ತಂದ ಇನ್ನೊಂದು ಆಸ್ತಿ ನನ್ನ ಹ್ಯಾಂಡ್‌ರೈಟಿಂಗ್. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ, ಬೆರಳ ಗೆಣ್ಣಿಗೆ ಪೆಟ್ಟು ತಿಂದು ಕಲಿತ ಕರ್ಸಿವ್. ಅಡುಗೆ ಬರಲಿಲ್ಲ, ಹಾಡು ಬರಲಿಲ್ಲ, ಆದರೆ ನನ್ನ ದೊಡ್ಡ ಎಸ್ ಅಕ್ಷರದ ಬಳುಕು ನೋಡಿ ಬಂದ ಸಂಬಂಧವೊಂದಿತ್ತು. ಅದು ಕೂಡಿ ಬರಲಿಲ್ಲ ಎನ್ನುವುದು ಬೇರೆ ಮಾತು. ಇಷ್ಟು ವ್ಯಾನಿಟಿ ಇಟ್ಟುಕೊಂಡವಳ ಕೈಗೆ ಸರೋಜ ತನ್ನ ಅಂಗಡಿಯ ಹಣೆಬರಹ ಬರೆಯಲು ಕೊಟ್ಟಳು, ಪಾಪ.

ಸರೋಜ ನನ್ನ ಟೈಲರ್. ನನ್ನ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಇಳಿದಿದೆ ಎನ್ನುವುದು ಡಾಕ್ಟರಿಗೂ ಗೊತ್ತಿಲ್ಲ, ಅವಳಿಗೆ ಗೊತ್ತು. ಹದಿನಾಲ್ಕು ವರ್ಷ ಮುಖ್ಯರಸ್ತೆಯ ಮೇಲಿದ್ದ ಅವಳ ಅಂಗಡಿಯನ್ನು ಮಾಲೀಕ ಕೃಷ್ಣಪ್ಪನವರು ಬೇರೆಯವರಿಗೆ ಬಾಡಿಗೆಗೆ ಕೊಡಲು ಮಾತಾಡಿಕೊಂಡರು. ಅವಳಿಗೆ ಸಿಕ್ಕ ಹೊಸ ಜಾಗ ಎರಡನೇ ಅಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕ, ಹುಡುಕಿಕೊಂಡು ಹೋದವರಿಗೆ ಮಾತ್ರ ಕಾಣುವಂಥದ್ದು. ಆಷಾಢದಲ್ಲಿ ಯಾರೂ ಜಾಗ ಬದಲಿಸುವುದಿಲ್ಲವಲ್ಲ, ಸರೋಜ ಜ್ಯೇಷ್ಠದಲ್ಲೇ ಮೆಷಿನ್ ಸಾಗಿಸಿದಳು. ಹೊಸದಾಗಿ ಬರುವವರೂ ಆಷಾಢದಲ್ಲಿ ಅಂಗಡಿ ತೆರೆಯುವವರಲ್ಲ. ಅವರ ಪೂಜೆ ಶ್ರಾವಣದ ಮೊದಲ ದಿನಕ್ಕೆ. ಹೀಗೆ ಹಳೆಯ ಅಂಗಡಿಯ ಗಾಜು ಸರಿಯಾಗಿ ಒಂದು ತಿಂಗಳು ಯಾರದ್ದೂ ಅಲ್ಲದೆ ನಿಂತಿತು.

ಆ ತಿಂಗಳೇ ಅವಳ ವರ್ಷದ ಅನ್ನ. ಆಷಾಢದ ಸೇಲಿನಲ್ಲಿ ಸೀರೆ ಕೊಂಡವರೆಲ್ಲ ವರಮಹಾಲಕ್ಷ್ಮಿಗೆ ಬ್ಲೌಸ್ ಹೊಲಿಸುವುದು ಆಗಲೇ. ಹತ್ತಿರದವರಿಗೆ ಫೋನ್ ಮಾಡಿದ್ದಾಯಿತು. ಆದರೆ ವರ್ಷಕ್ಕೊಮ್ಮೆ ಬಸ್ಸಿಳಿದು ನೇರ ಅಂಗಡಿಗೇ ಬರುವ ಕೆಂಪಾಪುರದವರು, ಬಾಗಲೂರಿನವರು ಇದ್ದಾರಲ್ಲ? ಮುಖ್ಯವಾಗಿ ಬಾಗಲೂರಿನ ಪುಟ್ಟಮ್ಮ. ಮನೆಯ ಹನ್ನೊಂದು ಹೆಂಗಸರ ಬ್ಲೌಸ್ ಪೀಸನ್ನೂ, ಒಬ್ಬೊಬ್ಬರ ಅಳತೆ ಬ್ಲೌಸನ್ನೂ ಒಂದೇ ಬ್ಯಾಗಿನಲ್ಲಿ ತುಂಬಿ ತರುವಾಕೆ. ಫೋನ್ ಇಟ್ಟುಕೊಳ್ಳುವವರಲ್ಲ, ಓದು ಬರುವುದಿಲ್ಲ.

"ಅಳತೆ ಬ್ಲೌಸ್ ಒಂದ್ಸಲ ಬೇರೆ ಟೈಲರ್ ಕೈಗೆ ಹೋದ್ರೆ ಮುಗೀತು ಮಿಸ್, ಇನ್ನು ನಮ್ ಕಡೆ ಬರಲ್ಲ" ಎಂದಳು ಸರೋಜ. ನಾನು ಎಂದೋ ಮೇಷ್ಟ್ರಗಿರಿ ಮಾಡಿದ್ದರಿಂದ ಈ ಬಡಾವಣೆಗೆಲ್ಲ ಮಿಸ್.

ಕೃಷ್ಣಪ್ಪನವರು ಗಾಜಿನ ಮೇಲೆ ವಿಳಾಸ ಹಾಕಲು ಒಪ್ಪಿದರು, ಷರತ್ತಿನ ಮೇಲೆ. "ಸ್ಟಿಕ್ಕರ್ ಬೇಡ, ಗೋಂದು ಹೋಗಲ್ಲ. ಫ್ಲೆಕ್ಸ್ ಅಂತೂ ಬೇಡವೇ ಬೇಡ, ಕಾರ್ಪೊರೇಷನ್‌ನೋರು ಬರ್ತಾರೆ. ಬರೀರಿ, ಆದ್ರೆ ಆಷಾಢ ಮುಗಿಯೋ ದಿನ ಗಾಜು ಹೆಂಗಿತ್ತೋ ಹಂಗೇ ಇರ್ಬೇಕು." ಕೀಲಿಕೈ ಆಗಲೇ ಅವರ ಸೊಂಟ ಸೇರಿತ್ತು, ಬರೆಯುವುದಿದ್ದರೆ ಹೊರಗಡೆಯಿಂದಲೇ.

ನಾನಿರುವಾಗ ಪೇಂಟರ್ ಯಾಕೆ ಎಂದೆ. ಸಿಸ್ಟರ್ ಆಗ್ನೆಸ್‌ರನ್ನು ನೆನೆದು ಪೋಸ್ಟರ್ ಕಲರಿಗೆ ಸೋಪು ಬೆರೆಸಿದೆ. ಬಣ್ಣ ತಿಳಿ ಗುಲಾಬಿ, ಟೇಸ್ಟ್ ಎಂದು ಒಂದಿರುತ್ತದಲ್ಲ. ಇಂಗ್ಲಿಷಿನಲ್ಲಿ, ನನ್ನ ಕರ್ಸಿವ್‌ನಲ್ಲಿ, 'ಶಿಫ್ಟೆಡ್' ಎಂದು ಬಳುಕಿಸಿ ಬರೆದು, ದೊಡ್ಡ ಎಸ್‌ನ ಬಾಲವನ್ನು ಬಳ್ಳಿಯಾಗಿ ಹಬ್ಬಿಸಿ, ಬಳ್ಳಿಯ ತುದಿಗೆ ಮೊಗ್ಗು ಬಿಡಿಸಿದೆ. ಕೆಳಗೆ ಪುಟ್ಟದಾಗಿ ಕನ್ನಡದಲ್ಲಿ ವಿಳಾಸ. ರಸ್ತೆಯಾಚೆ ನಿಂತು ನೋಡಿ ಕಣ್ಣು ತೇವವಾಯಿತು. ಸರೋಜ, "ಚೆನ್ನಾಗಿದೆ ಮಿಸ್" ಎಂದಳು. ನನ್ನ ಭುಜ ಇಳಿದಿದೆ ಎಂದು ಹದಿನಾಲ್ಕು ವರ್ಷ ನನ್ನ ಮುಖಕ್ಕೆ ಹೇಳದವಳು ಇನ್ನೇನು ಹೇಳಿಯಾಳು?

ನಾಲ್ಕನೆಯ ದಿನ ಹೋದರೆ, ಎದುರಿನ ಫುಟ್‌ಪಾತಿನಲ್ಲಿ ಹೂ ಕಟ್ಟುವ ಯಶೋದಮ್ಮ ಕರೆದರು.

"ಮಿಸ್, ಇಲ್ಲಿ ಕೇಕ್ ಅಂಗ್ಡಿ ಯಾವಾಗ ಓಪನ್ನು?"

"ಯಾವ ಕೇಕ್ ಅಂಗಡಿ?"

"ಅದೇ, ಕೇಕಿನ್ ಮೇಲೆ ಬರೀತಾರಲ್ಲ ಹಂಗೇ ಬರ್ದಿದಾರಲ್ಲ. ಇಬ್ರು ಬಂದು ಎಗ್‌ಲೆಸ್ ಸಿಗುತ್ತಾ ಅಂತ ನನ್ನೇ ಕೇಳಿದ್ರು. ಬಾಗಲೂರಿನ ಪುಟ್ಟಮ್ಮನೋರೂ ಬಂದಿದ್ರು. ಬ್ಯಾಗ್ ತುಂಬಾ ಬಟ್ಟೆ. ಸುಮ್ನೆ ನಿಂತು ನೋಡಿದ್ರು. ನಾನು ಹೂವ ಕೆಳಗಿಟ್ಟು ಎದ್ದೇಳೋದ್ರೊಳಗೆ ಬಸ್ ಹತ್ಬಿಟ್ರು ಕಣ್ರೀ."

ಹನ್ನೊಂದು ಅಳತೆ ಬ್ಲೌಸುಗಳು ನನ್ನ ಎಸ್‌ನ ಬಾಲ ಹಿಡಿದು ವಾಪಸ್ಸು ಹೋಗಿದ್ದವು. ಸರೋಜಳಿಗೆ ಹೇಳಿದಾಗ ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಷಿನ್ನಿನ ಚಕ್ರ ಹಿಡಿದು ನಿಲ್ಲಿಸಿ, "ಹಬ್ಬಕ್ಕೆ ಇನ್ನೂ ಟೈಮ್ ಇದೆ ಬಿಡಿ" ಎಂದಳು, ಅಷ್ಟೇ.

ಆ ಸಂಜೆಯೇ ಆಷಾಢದ ತುಂತುರು ಓರೆಯಾಗಿ ಬೀಸಿತು. ನನ್ನ ಬಳ್ಳಿ, ಮೊಗ್ಗು ಎಲ್ಲ ಗುಲಾಬಿ ನೀರಾಗಿ ಗಾಜಿನಿಂದಿಳಿದು ಚರಂಡಿ ಸೇರಿದವು. ಸಿಸ್ಟರ್ ಹೇಳಿದ್ದು ನಿಜ, ಹೋಗಬೇಕಾದದ್ದು ಹೋಗುವ ಬಣ್ಣದಲ್ಲೇ ಇತ್ತು. ಆದರೆ ಬೋರ್ಡಿಂಗಿನ ಕಿಟಕಿಯ ಒಳಮೈಗೆ ಬರೆದವರಿಗೆ ಬೆಂಗಳೂರಿನ ಆಷಾಢ ಹೇಗೆ ಗೊತ್ತಿರಬೇಕು?

ಮರುದಿನದಿಂದ ನಮ್ಮ ಅಡುಗೆಮನೆಯ ಕಿಟಕಿ ನನ್ನ ಲ್ಯಾಬೊರೇಟರಿ ಆಯಿತು. ಸುಣ್ಣಕ್ಕೆ ಗೋಂದು ಬೆರೆಸಿದೆ: ಒಣಗಿ ಹಪ್ಪಳವಾಗಿ ಸಾರಿನ ಪಾತ್ರೆಗೆ ಬಿತ್ತು. ಆಯಿಲ್ ಪೇಂಟ್ ಹಚ್ಚಿದೆ: ಅದು ಈಗಲೂ ಅಲ್ಲೇ ಇದೆ, ನೀವು ಬಂದರೆ ತೋರಿಸುತ್ತೇನೆ. ಮೊಟ್ಟೆಯ ಹಳದಿಯನ್ನೂ ನೋಡೋಣವೆಂದುಕೊಂಡೆ, ಕೆಲಸದ ಜಯಮ್ಮ, "ಕಿಟ್ಕಿಗೆ ಆಮ್ಲೆಟ್ ಹಾಕೋದಾದ್ರೆ ನಾನು ಬರಲ್ಲ" ಎಂದಳು. ಕೊನೆಗೆ ಆರ್.ಟಿ. ನಗರದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಲ್ಲಿ ಬಣ್ಣ ಕಲಸಿ ಕೊಡುವ ರಾಜಣ್ಣ ಹಿಂದೆ ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ಬ್ರಷ್ ಕೆಳಗಿಡಿಸಿತ್ತು.

"ಗೋಡೆ ಬಣ್ಣ ತಗೊಳ್ಳಿ ಮೇಡಂ, ಹೊರಗಡೆ ಹಾಕೋ ಎಮಲ್ಷನ್ನು" ಎಂದರು. "ಗಾಜಿನ್ ಮೇಲೆ ಅದು ನೆಂಟ್ರಿದ್ದಂಗೆ. ಒಂದ್ ತಿಂಗ್ಳು ಗಟ್ಟಿಯಾಗಿ ಕೂತಿರುತ್ತೆ, ಆದ್ರೆ ಮನೆ ತನ್ದು ಅನ್ಕೊಳಲ್ಲ. ಎರಡು ಕೋಟು ದಪ್ಪಕ್ಕೆ ಕೊಡಿ. ತೆಳ್ಳಗೆ ಹಚ್ಚಿದ್ರೆ ತೆಗೆಯೋವಾಗ ಚೂರು ಚೂರಾಗುತ್ತೆ."

"ಬಣ್ಣ? ಗುಲಾಬಿ..."

"ಖಾಲಿ ಅಂಗ್ಡಿ ಒಳಗೆ ಏನಿರುತ್ತೆ? ಕತ್ಲೆ. ಕತ್ಲೆ ಮುಂದೆ ಹಳದಿ ಕಾಣುತ್ತೆ, ಬಿಳಿ ಕಾಣುತ್ತೆ. ಗುಲಾಬಿ ಮದುವೆ ಮನೆಗೆ ಇಟ್ಕೊಳ್ಳಿ." ಡಬ್ಬಿಯ ಮುಚ್ಚಳ ಒತ್ತುತ್ತಾ ಕೇಳಿದರು, "ಏನ್ ಬರೀತೀರ?"

"ವಿಳಾಸ."

"ಯಾರಿಗೆ?"

ಅದೊಂದು ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ಪುಟ್ಟಮ್ಮನಿಗೆ ಅಕ್ಷರ ಬರುವುದಿಲ್ಲ ಎಂದು ತಿಳಿದೂ ನಾನು ಬರೆದದ್ದು ನಾಲ್ಕು ಗೆರೆಯ ಪುಸ್ತಕಕ್ಕೆ, ಎಂದೋ ತೀರಿಕೊಂಡ ಒಬ್ಬ ಸಿಸ್ಟರ್ ಬಂದು ವೆರಿ ಗುಡ್ ಹಾಕಲಿ ಎಂದು.

ಸರೋಜಳ ಬಳಿ ಹೋಗಿ, "ನಿನ್ನ ಗಿರಾಕಿಗಳಿಗೆ ನಿನ್ನ ಅಂಗಡಿಯ ಗುರುತೇನಮ್ಮಾ?" ಎಂದೆ. ಅವಳು ಯೋಚಿಸಲೇ ಇಲ್ಲ. ಎದ್ದು, ಬ್ಲೌಸಿನ ಬೆನ್ನಿಗೆ ಕಸೂತಿಯ ಚಿತ್ರ ಇಳಿಸುವ ತೆಳು ಬಟರ್ ಪೇಪರ್ ತೆಗೆದಳು. ಅದರ ಮೇಲೆ ಆಳೆತ್ತರಕ್ಕೆ ಒಂದು ಬ್ಲೌಸಿನ ಬೆನ್ನು ಬರೆದಳು: ಮಡಕೆಯಾಕಾರದ ಕತ್ತು, ಕಟ್ಟುವ ದಾರ, ದಾರದ ತುದಿಗೆ ಜೋಡಿ ಕುಚ್ಚು. ಆ ಕುಚ್ಚು ಅವಳದ್ದೇ, ಈ ಕಡೆ ಇನ್ಯಾರೂ ಹಾಗೆ ಕಟ್ಟುವುದಿಲ್ಲ. ಆಮೇಲೆ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿದಳು, ಪಕ್ಕದಲ್ಲಿ ಗಿರಣಿಯ ಕಡೆಗೆ ದಪ್ಪ ಬಾಣವೊಂದನ್ನು ಸೇರಿಸಿ.

ಬಿಸಿಲು ಬಿದ್ದ ಬೆಳಿಗ್ಗೆಗಾಗಿ ಮೂರು ದಿನ ಕಾದೆವು. ಗಾಜನ್ನು ವಿನೆಗರ್‌ನಲ್ಲಿ ಅದ್ದಿದ ಪೇಪರಿನಿಂದ ಉಜ್ಜಿ ಜಿಡ್ಡು ತೆಗೆದೆ. ಸರೋಜ ಬಟರ್ ಪೇಪರ್ ಒತ್ತಿ ಹಿಡಿದಳು. ಸೀಮೆಸುಣ್ಣದ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ನಾನು ಮೆಲ್ಲಗೆ ತಟ್ಟಿದೆ. ಪೇಪರ್ ಎತ್ತಿದರೆ, ರಂಗೋಲಿಯ ಚುಕ್ಕಿಗಳ ಹಾಗೆ ಇಡೀ ಬ್ಲೌಸು ಗಾಜಿನ ಮೇಲೆ ನಿಂತಿತ್ತು. ಚುಕ್ಕಿಯಿಂದ ಚುಕ್ಕಿಗೆ ಹಳದಿ ಎಳೆದು ಒಳಗೆಲ್ಲ ತುಂಬಿದೆ, ಒಣಗಿದ ಮೇಲೆ ಇನ್ನೊಂದು ಸಲ. ಕೆಳಗೆ ಬಿಳಿಯಲ್ಲಿ, ಮಗ್ಗಿ ಪುಸ್ತಕದ ಅಕ್ಷರದಂಥ ದುಂಡು ಕನ್ನಡದಲ್ಲಿ, 'ಸರೋಜ ಟೈಲರ್, ಹಿಟ್ಟಿನ ಗಿರಣಿ ಪಕ್ಕ'. ಬಾಲವಿಲ್ಲ, ಬಳ್ಳಿಯಿಲ್ಲ.

ತುಂತುರು ಬಂತು, ಗಾಳಿ ಬಂತು, ಹಳದಿ ಬ್ಲೌಸು ಹಾಗೇ ಇತ್ತು. ಕೆಂಪಾಪುರದವರು ಬಂದರು. ಪುಟ್ಟಮ್ಮ ಬರಲಿಲ್ಲ. ಸರೋಜ ಬಾಗಿಲಿನ ಕಡೆ ಮುಖ ಮಾಡಿ ಮೆಷಿನ್ ತಿರುಗಿಸಿಟ್ಟುಕೊಂಡಿದ್ದು ನನ್ನ ಗಮನಕ್ಕೆ ಬಂತು.

ಆಷಾಢದ ಕೊನೆಯ ಶುಕ್ರವಾರ ನಾನು ತೋಳು ಚಾಚಿ ಅಳತೆ ಕೊಡುತ್ತಾ ನಿಂತಿದ್ದೆ. ಬಾಗಿಲಲ್ಲಿ ಬ್ಯಾಗ್ ಧೊಪ್ಪನೆ ಬಿತ್ತು.

"ಅಯ್ಯೋ ಸರೋಜಮ್ಮಾ, ಇಲ್ಲಿ ಅವಿತ್ಕಂಡಿದ್ದೀಯೇನವ್ವ! ಓದ್ಸಲ ಬಂದು ವಾಪಸ್ ಓದೆ. ನಿನ್ ಗಾಜಿನ್ ಮೇಲೆ ಯಾವನೋ ಗುಲಾಬಿ ಬಣ್ದಾಗೆ ಎರೆಹುಳ ಬಿಟ್ಟಂಗೆ ಗೀಚಿದ್ದ. ಅವ್ನಿಗೇನ್ ಬಂದಿತ್ತೋ ರೋಗ!"

ಸರೋಜ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ನನ್ನ ಕಡೆ ನೋಡದೆ, "ಕಲೀತಾ ಇದ್ರು ಅನ್ಸುತ್ತೆ ಪುಟ್ಟಮ್ಮ" ಎಂದಳು.

"ಪ್ಯಾಟೆನಾಗೆ ಇನ್ನೊಬ್ಬನತ್ರ ಕೊಡಾಣ ಅಂತ ಒಂಟಿದ್ದೆ. ಬಸ್ನಾಗೆ ಕೂತು ನೋಡಿದ್ರೆ ಗಾಜಿನ್ ಮೇಲೆ ನಿನ್ ಕುಚ್ಚು! ಡ್ರೈವರ್ ಕೂಗಾಡಿದ್ರೂ ಇಳ್ದ್‌ಬಿಟ್ಟೆ."

ಹನ್ನೊಂದು ಅಳತೆ ಬ್ಲೌಸುಗಳು ಮೇಜಿನ ಮೇಲೆ ಸಾಲಾಗಿ ಮಲಗಿದವು. ನಾನು ತೋಳು ಇಳಿಸುವುದನ್ನೇ ಮರೆತಿದ್ದೆ.

ಭೀಮನ ಅಮಾವಾಸ್ಯೆಯ ಮಧ್ಯಾಹ್ನ, ಆಷಾಢಕ್ಕೆ ಇನ್ನು ಕೆಲವೇ ಗಂಟೆ ಉಳಿದಿರುವಾಗ, ನಾವಿಬ್ಬರೂ ಬಿಸಿನೀರು, ಬಟ್ಟೆ, ಹಳೆಯ ಬ್ಲೇಡು ಹಿಡಿದು ಗಾಜಿನ ಮುಂದೆ ನಿಂತೆವು. ಕೃಷ್ಣಪ್ಪನವರು ಕೈ ಕಟ್ಟಿ ಕಾವಲು. ಒದ್ದೆ ಬಟ್ಟೆ ಒತ್ತಿಟ್ಟು, ಅಂಚಿಗೆ ಬ್ಲೇಡು ತೂರಿಸಿದೆ. ಅಕ್ಷರಗಳು ಒಂದೊಂದಾಗಿ ಉದುರಿದವು. ಅವಕ್ಕೆ ನಾನು ಎರಡನೆಯ ಕೋಟು ಕೊಟ್ಟಿರಲಿಲ್ಲ, ಬೆನ್ನು ನೋಯುತ್ತಿತ್ತು. ಬ್ಲೌಸು ಮಾತ್ರ, ಕಾಸಿದ ಹಾಲಿನ ಕೆನೆಯಂತೆ, ದಾರ ಕುಚ್ಚಿನ ಸಮೇತ ಇಡಿಯಾಗಿ ಎದ್ದು ಬಂತು.

ಗಾಜು ಹೊಚ್ಚ ಹೊಸದಾಗಿ ಹೊಳೆಯಿತು. ಇದು ಹೋಗುವ ಬಣ್ಣ, ಹೋಗಲಿ ಎಂದುಕೊಂಡು ನಾನು ಆ ಹಳದಿ ಸಿಪ್ಪೆಯನ್ನು ಬಕೆಟ್ಟಿಗೆ ಹಾಕಲು ಹೋದೆ. ಸರೋಜ ತಡೆದಳು. ಎರಡು ಬಟರ್ ಪೇಪರ್ ನಡುವೆ ಅದನ್ನು ಜೋಪಾನವಾಗಿ ಹರವಿ, ಸುಕ್ಕು ತೀಡಿ, ಸುತ್ತಿ ಕಂಕುಳಲ್ಲಿಟ್ಟುಕೊಂಡಳು.

"ಏನು ಮಾಡ್ತೀಯ ಅದನ್ನ?"

"ಅಳತೆಗಿರ್ಲಿ ಮಿಸ್" ಎಂದಳು. "ಮುಂದೆ ಎಲ್ಲಿಗೆ ಹೋಗ್ಬೇಕಾಗುತ್ತೋ."